ಅಟ್ಟದ ಮೇಲಿನ ಜೋಡುನಳಿಗೆ

ಜಯನಗರ, ಜೆ.ಪಿ. ನಗರ, ಬನಶಂಕರಿಯ ಎಷ್ಟೋ ಮನೆಗಳ ಅರ್ಧ ಬದುಕು ಇನ್ನೂ ಘಟ್ಟದ ಕಡೆಯೇ ಇದೆ. ಮಗ ಬಿಟಿಎಂ ಲೇಔಟಿನಲ್ಲಿ ಮನೆ ಮಾಡಿರುತ್ತಾನೆ, ಅಪ್ಪನ ಹೆಸರಿನ ಪಹಣಿ ಮೂಡಿಗೆರೆಯಲ್ಲೋ ತೀರ್ಥಹಳ್ಳಿಯಲ್ಲೋ ಸುಳ್ಯದಲ್ಲೋ ಸೋಮವಾರಪೇಟೆಯಲ್ಲೋ ಇರುತ್ತದೆ. ಅಂಥ ಮನೆಗಳಲ್ಲಿ ಪಾಲು ಆಗುವಾಗ ತೋಟ, ಗದ್ದೆ, ತಾಮ್ರದ ಹಂಡೆ ಎಲ್ಲಕ್ಕೂ ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ. ಅಟ್ಟದ ಮೇಲೆ ಗೋಣಿ ಸುತ್ತಿಟ್ಟ ಕೋವಿಯ ಮಾತು ಬಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈಚೆಗೆ ಇದಕ್ಕೆ ಇನ್ನೊಂದು ಕುತೂಹಲವೂ ಸೇರಿದೆ. ಅಮೆರಿಕ, ಇಂಗ್ಲೆಂಡಿನ ಹವ್ಯಾಸಿಗಳು ದಟ್ಟ ಹೊಗೆಯ ನಡುವೆ ನಿಂತು ಜೋಡುನಳಿಗೆಯಿಂದ ಹಾರುವ ಮಣ್ಣಿನ ಬಿಲ್ಲೆ ಒಡೆಯುವ ವಿಡಿಯೊ ನೋಡಿ, ‘ನಮ್ಮ ಅಜ್ಜನದ್ದೂ ಇಂಥದ್ದೇ ಅಲ್ವಾ, ಶುರು ಮಾಡೋದು ಹೇಗೆ?’ ಎನ್ನುವವರಿದ್ದಾರೆ. ಪಾಲಿನ ಕೋವಿಗೆ ಹೆದರುವವರದ್ದೂ ವಿಡಿಯೊ ನೋಡಿ ಹಿಗ್ಗುವವರದ್ದೂ ಲೆಕ್ಕಾಚಾರ ಮಾತ್ರ ಒಂದೇ: ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿ, ಆದ್ದರಿಂದ ಸರಳ, ಆದ್ದರಿಂದ ಅಪಾಯ ಕಡಿಮೆ, ಆದ್ದರಿಂದ ಕಾನೂನಿಗೂ ಅದರ ಮೇಲೆ ಅಷ್ಟು ಕಣ್ಣಿಲ್ಲ. ಮೂರೂ ತಪ್ಪು. ಕೋವಿ ಹಳೆಯದಾದಷ್ಟೂ ಹಿಡಿದವನ ಹೊಣೆ ಹೆಚ್ಚುತ್ತದೆ. ತೋಟಾ ಕೋವಿಗೆ ಕಾರ್ಖಾನೆ ಮಾಡಿಕೊಡುವ ಕೆಲಸವನ್ನೆಲ್ಲ ಮದ್ದಿನ ಕೋವಿಯಲ್ಲಿ ಹೊಡೆಯುವವನೇ ನಿಂತು ಮಾಡಬೇಕು.

ಆ ಕೆಲಸ ಏನೆಂದು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಒಂದು ತೋಟಾದೊಳಗೆ ಮದ್ದು, ಅದರ ಮೇಲೆ ಬಿರಡೆ, ಬಿರಡೆಯ ಮೇಲೆ ಚರೆ, ಬುಡದಲ್ಲಿ ಕೇಪು ಎಲ್ಲವೂ ಅಳತೆಯಂತೆ ಕೂತು ಬಂದಿರುತ್ತವೆ. ಯಾವುದು ಎಷ್ಟು ಎಂದು ಯಂತ್ರ ತೂಗಿರುತ್ತದೆ, ತಪಾಸಣೆಯವರು ನೋಡಿರುತ್ತಾರೆ, ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಕೇಪಿನ ಕೋವಿಯಲ್ಲಿ ಇಷ್ಟನ್ನೂ ಒಬ್ಬ ಮನುಷ್ಯ, ನಿಂತಲ್ಲೇ, ಒಂದೊಂದು ಈಡಿಗೂ ಹೊಸದಾಗಿ ಮಾಡಬೇಕು. ಅಳೆದ ಮದ್ದನ್ನು ನಳಿಗೆಗೆ ಸುರಿಯುವುದು, ರಟ್ಟಿನ ಬಿಲ್ಲೆಯನ್ನೋ ನಾರಿನ ಉಂಡೆಯನ್ನೋ ಗಜದಿಂದ ಒತ್ತಿ ಕೂರಿಸುವುದು, ಚರೆ ಹಾಕುವುದು, ಅದು ಉದುರದಂತೆ ಮತ್ತೊಂದು ಬಿಲ್ಲೆ. ಕೊನೆಗೆ, ಎಲ್ಲ ಮುಗಿದು ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿದ ಮೇಲಷ್ಟೇ, ಕುದುರೆಯ ಕೆಳಗಿನ ಮೊಳಕೆಗೆ ತಾಮ್ರದ ಕೇಪು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಬಡಿದರೆ ಕಿಡಿ ಹಾರುವ ರಾಸಾಯನಿಕದ ಉಪಾಯಕ್ಕೆ ಪೇಟೆಂಟ್ ಪಡೆದದ್ದು 1807ರಲ್ಲಿ. 1820ರ ದಶಕದಲ್ಲಿ ಅದು ಪುಟ್ಟ ತಾಮ್ರದ ಟೊಪ್ಪಿಗೆಯಾಗಿ ಬಳಕೆಗೆ ಬಂತು. ಚಕಮಕಿ ಕಲ್ಲಿನ ಕಾಲ ಮುಗಿದದ್ದು ಹೀಗೆ. ಕೆಲಸದ ಕ್ರಮ ಮಾತ್ರ ಬದಲಾಗಲಿಲ್ಲ. ಮದ್ದು ಮೊದಲು, ಕೇಪು ಕೊನೆಗೆ. ಈ ಕ್ರಮ ತಪ್ಪಿಸಿದವನಿಗೆ ಕೋವಿ ಎರಡನೇ ಅವಕಾಶ ಕೊಡುವುದಿಲ್ಲ, ಏಕೆಂದರೆ ಗಜ ಒತ್ತುವಾಗ ಅವನ ಕೈ, ಮುಖ ಎರಡೂ ನಳಿಗೆಯ ಬಾಯಿಗೆ ಎದುರಾಗಿಯೇ ಇರುತ್ತವೆ.

ಒಂಟಿನಳಿಗೆಯಲ್ಲಿ ಇಷ್ಟಾದರೆ ಜೋಡುನಳಿಗೆಯದ್ದು ಬೇರೆಯೇ ಕಥೆ. ಎರಡು ನಳಿಗೆ ಎಂದರೆ ಎರಡು ಪಟ್ಟು ಕೆಲಸ ಅಷ್ಟೇ ಎಂದು ಹೊಸಬರು ತಿಳಿಯುತ್ತಾರೆ. ತಪ್ಪುವ ದಾರಿಗಳು ಅದಕ್ಕಿಂತ ಹೆಚ್ಚು. ಮೊದಲನೆಯದು ಮರೆವು. ಮಾತಾಡುತ್ತ ಮಾತಾಡುತ್ತ ಬಲ ನಳಿಗೆಗೇ ಎರಡು ಸಲ ಮದ್ದು ಬಿದ್ದು ಎಡದ್ದು ಖಾಲಿ ಉಳಿಯಬಹುದು. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಎರಡನೆಯದು ಇನ್ನೂ ಸೂಕ್ಷ್ಮ. ಬಲ ನಳಿಗೆಯನ್ನು ಹಾರಿಸಿದಾಗ ಬರುವ ಒದೆತಕ್ಕೆ ಎಡ ನಳಿಗೆಯೊಳಗಿನ ಬಿಲ್ಲೆ, ಚರೆ ಮುಂದಕ್ಕೆ ಜರುಗಬಹುದು. ಮದ್ದಿಗೂ ಚರೆಗೂ ನಡುವೆ ಹೀಗೆ ಬಿದ್ದ ಅಂತರದಿಂದ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಮೂರನೆಯದು ಅವಸರ: ಹಾರಿಸಿದ ನಳಿಗೆಗೆ ಮತ್ತೆ ಮದ್ದು ತುಂಬುವಾಗ ಪಕ್ಕದ ನಳಿಗೆ ಕೇಪು ಸಮೇತ ಸಜ್ಜಾಗಿಯೇ ನಿಂತಿರುತ್ತದೆ. ಬಲ್ಲವರು ತುಂಬಿದ ನಳಿಗೆಯ ಕೇಪನ್ನು ಮೊದಲು ತೆಗೆದಿಟ್ಟು, ಅದರ ಈಡನ್ನು ಗಜದಿಂದ ಮತ್ತೊಮ್ಮೆ ಒತ್ತಿ ನೋಡಿ, ಆಮೇಲೆ ಖಾಲಿ ನಳಿಗೆಗೆ ಕೈ ಹಾಕುತ್ತಾರೆ. ಇದನ್ನು ಬೇಸರವಿಲ್ಲದೆ ಪ್ರತಿ ಸಲವೂ ಮಾಡುವ ಸ್ವಭಾವ ಇಲ್ಲದವರಿಗೆ ಈ ಹವ್ಯಾಸ ಹೇಳಿದ್ದಲ್ಲ. ಎರಡು ಈಡಿನ ಆಸೆ ಮಾತ್ರ ಬಲು ಹಳೆಯದು. ಒಂದೇ ನಳಿಗೆಯಲ್ಲಿ ಒಂದರ ಹಿಂದೊಂದು ಎರಡು ಈಡು ತುಂಬುವ, ಬೆಳ್ಳಿ ಕೆಲಸದ ಚಕಮಕಿ ಕೋವಿಯೊಂದನ್ನು ಟಿಪ್ಪುವಿನ ಕಾರ್ಖಾನೆಯವರು ಶ್ರೀರಂಗಪಟ್ಟಣದಲ್ಲಿ ಮಾಡಿದ್ದರು. 2015ರಲ್ಲಿ ಅದು ಲಂಡನ್ನಿನ ಹರಾಜಿಗೆ ಬಂದಿತ್ತು. ಜಾಣತನದ ಕೆಲಸ, ನಿಜ. ಮುಂದಿನ ಈಡಿನ ಕಿಡಿ ಹಿಂದಿನದ್ದಕ್ಕೆ ಮೊದಲೇ ತಗುಲದಂತೆ ನೋಡಿಕೊಳ್ಳುವ ತಲೆಬಿಸಿ ಯಾರದ್ದು ಎಂದು ಕೇಳಿದರೆ, ಆಗಲೂ ಹಿಡಿದವನದ್ದೇ.

ಇನ್ನು ಅಟ್ಟದ ಮೇಲಿನ ಕೋವಿ. ಅಜ್ಜ ತೀರಿಕೊಂಡು ಮೂವತ್ತು ವರ್ಷ ಆಯಿತು, ಈಗ ಅದರಲ್ಲಿ ಏನಿದ್ದೀತು ಎನ್ನುವುದು ಸಾಮಾನ್ಯ ಮಾತು. ಹಂದಿ ಕಾಯಲು ಹೋದವರು ಹಂದಿ ಬಾರದೆ ತಿರುಗಿ ಬಂದಾಗ ಕೇಪು ಕಳಚಿ ಕೋವಿಯನ್ನು ಹಾಗೇ ಮೂಲೆಗೆ ಒರಗಿಸಿಬಿಡುವುದಿತ್ತು. ತೋಟಾದಂತೆ ಈಡನ್ನು ಹೊರಗೆ ತೆಗೆಯುವ ಸುಲಭದ ದಾರಿ ಇದರಲ್ಲಿಲ್ಲ. ಕರಿಮದ್ದಿಗೆ ವಯಸ್ಸಾಗುವುದು ಬಹಳ ನಿಧಾನ. ಪೆಟ್ಲುಪ್ಪು, ಗಂಧಕ, ಇದ್ದಿಲು ಮೂರೂ ತಾವಾಗಿ ಕೆಡುವ ವಸ್ತುಗಳಲ್ಲ. ತೇವ ತಾಗದಿದ್ದರೆ ಮದ್ದು ತಲೆಮಾರುಗಟ್ಟಲೆ ಜೀವ ಹಿಡಿದಿರುತ್ತದೆ. 2018ರ ಜುಲೈಯಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳು ಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ಅಲ್ಲಿ ಅಗೆಯಬೇಕೆಂದು ತೋಚಿದ್ದೇ ಮಣ್ಣಿಗೆ ಮದ್ದಿನ ವಾಸನೆ ಇದ್ದುದರಿಂದ. ಮಲೆನಾಡಿನ ಎರಡು ಶತಮಾನಗಳ ಮಳೆಗೂ ವಾಸನೆ ಹೋಗಿರಲಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ 1860ರ ದಶಕದ ಅಂತರ್ಯುದ್ಧದ ಫಿರಂಗಿ ಗುಂಡೊಂದು 2008ರಲ್ಲಿ ಸ್ವಚ್ಛ ಮಾಡುವಾಗ ಸಿಡಿದು, ಅಂಥವನ್ನೇ ನೂರಾರು ನೋಡಿ ಪಳಗಿದ್ದ ಸಂಗ್ರಾಹಕನೇ ಸತ್ತ. ಹಾಗಿರುವಾಗ ನಮ್ಮ ಅಟ್ಟದ ಮೂವತ್ತು ವರ್ಷ ಯಾವ ಲೆಕ್ಕ? ಇದನ್ನು ಪರೀಕ್ಷಿಸುವ ಹಳೆಯ ವಿಧಾನ ಒಂದಿದೆ, ಕೋವಿ ರಿಪೇರಿಯವರು ಮೊದಲು ಮಾಡುವುದೂ ಅದನ್ನೇ. ಗಜವನ್ನು ನಳಿಗೆಯ ಹೊರಗಡೆ, ಬುಡದ ತನಕ ಹಿಡಿದು ಬಾಯಿಯ ಮಟ್ಟಕ್ಕೆ ಒಂದು ಗುರುತು ಹಾಕುವುದು. ಆಮೇಲೆ ಅದೇ ಗಜವನ್ನು ಒಳಗೆ ಇಳಿಬಿಟ್ಟು ಗುರುತು ಎಲ್ಲಿ ನಿಂತಿತು ನೋಡುವುದು. ಖಾಲಿ ನಳಿಗೆಯಲ್ಲಿ ಗುರುತು ಹೆಚ್ಚುಕಡಿಮೆ ಬಾಯಿಗೇ ಬಂದು ಕೂಡುತ್ತದೆ. ಎರಡು ಮೂರು ಬೆರಳು ಮೇಲೆಯೇ ನಿಂತರೆ ಒಳಗೆ ಏನೋ ಇದೆ ಎಂದೇ ಅರ್ಥ. ಅದು ಕಣಜದ ಗೂಡೂ ಆಗಿರಬಹುದು, ಅಜ್ಜ ತುಂಬಿಟ್ಟ ಈಡೂ ಆಗಿರಬಹುದು. ಗೊತ್ತಾಗುವ ತನಕ ಈಡೆಂದೇ ತಿಳಿಯಬೇಕು. ಪರೀಕ್ಷೆಯನ್ನು ನೀವೇ ಮಾಡಿ ಎಂದಲ್ಲ, ಕೆಲಸ ಬಲ್ಲ ಪರವಾನಗಿದಾರರ ಕೈಯಲ್ಲಿ ಮಾಡಿಸಿ ಎನ್ನುವುದಕ್ಕಾಗಿ ಇಷ್ಟು ವಿವರ.

ಸುಟ್ಟ ಮೇಲೂ ಮದ್ದು ಸುಮ್ಮನಿರುವುದಿಲ್ಲ. ಹೊಗೆಯಿಲ್ಲದ ಆಧುನಿಕ ಮದ್ದು ಬಹುಪಾಲು ಅನಿಲವಾಗಿ ಹೋಗುತ್ತದೆ. ಕರಿಮದ್ದು ಸುಟ್ಟಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಘನವಾಗಿಯೇ ಉಳಿದು ಕೆಲವಷ್ಟು ಹೊಗೆಯಾಗಿ ಹಾರುತ್ತದೆ, ಕೆಲವಷ್ಟು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಆ ಮಸಿ ಗಾಳಿಯ ತೇವವನ್ನು ಹೀರುವ ಉಪ್ಪು. ಸಂಜೆ ಹೊಡೆದು ‘ನಾಳೆ ತೊಳೆದರಾಯಿತು’ ಎಂದು ಇಟ್ಟರೆ ಮಡಿಕೇರಿಯ ಆಷಾಢದಲ್ಲಿ ಬೆಳಗಾಗುವಷ್ಟರಲ್ಲಿ ಕಂದು ಬಣ್ಣ ಕಾಣುತ್ತದೆ. ಬೆಂಗಳೂರಿನಲ್ಲಿ ಒಂದೆರಡು ದಿನ ಹೆಚ್ಚು ಸಿಗಬಹುದು, ಅಷ್ಟೇ. ಇದಕ್ಕೆ ಬಿಸಿನೀರೇ ಮದ್ದು. ಕೋವಿಗೆ ನೀರು ಹಾಕುವುದೇ ಎಂದು ಹುಬ್ಬೇರಿಸುವವರು ಎಣ್ಣೆಯಿಂದ ಒರೆಸಿ ಇಡುತ್ತಾರೆ. ಉಪ್ಪು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ: ಮದ್ದಿನ ಕೋವಿಗೆ ತೋಟಾದೊಳಗಿನ ಮದ್ದು ಸುರಿಯುವಂತಿಲ್ಲ, ಚಿಟಿಕೆಯೂ ಇಲ್ಲ. ಹೊಗೆಯಿಲ್ಲದ ಮದ್ದನ್ನು ಫ್ರಾನ್ಸಿನ ಪಾಲ್ ವಿಯೇಯ್ 1884ರಲ್ಲಿ ರೂಪಿಸಿದ; ಅದಕ್ಕಿಂತ ಹಿಂದಿನ ನಳಿಗೆಗಳು ಆ ಒತ್ತಡವನ್ನು ಕನಸಿನಲ್ಲೂ ಕಂಡವಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಸುರುಳಿ ಸುತ್ತಿ ಬೆಸೆದ ‘ಡಮಾಸ್ಕಸ್’ ನಳಿಗೆಯ ಮೇಲೆ ಕಾಣುವ ಚೆಂದದ ಅಲೆಗಳೆಲ್ಲ ನೂರಾರು ಬೆಸುಗೆಗಳ ಗೆರೆಗಳೇ. ಒಂದು ಬೆಸುಗೆಯ ಒಳಗೆ ತುಕ್ಕು ಕೂತಿದ್ದರೆ ಕಣ್ಣಿಗೆ ಕಾಣದು. ಬ್ರಿಟನ್ನಿನ ಕೋವಿಯಾದರೆ ನಳಿಗೆಯ ಬುಡದಲ್ಲಿ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ ಇರುತ್ತದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರದು. ಆ ಮುದ್ರೆ ಹೇಳುವುದು ನಳಿಗೆ ಅಂದು ಗಟ್ಟಿಯಿತ್ತು ಎಂದಷ್ಟೇ. ಇಂದಿನ ಮಾತಿಗೆ ಅದು ಜಾಮೀನಲ್ಲ. ನಮ್ಮ ಅಟ್ಟಗಳಲ್ಲಿ ಸಿಗುವ ಎಷ್ಟೋ ಕೋವಿಗಳಿಗೆ ಆ ಮುದ್ರೆಯೂ ಇಲ್ಲ, ಅವು ಊರ ಆಚಾರಿಯ ಕೈಕೆಲಸ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ: ನಮ್ಮ ಹಿರಿಯರು ಯಾವ ತರಬೇತಿ, ಯಾವ ಸರ್ಟಿಫಿಕೇಟೂ ಇಲ್ಲದೆ ಜೀವಮಾನವಿಡೀ ಇದನ್ನೇ ಹಿಡಿದರಲ್ಲ? ಹಿಡಿದರು. ಅವರಿಗೆ ತರಬೇತಿ ಇರಲಿಲ್ಲ ಎನ್ನುವುದು ಮಾತ್ರ ಒಪ್ಪುವ ಮಾತಲ್ಲ. ಹತ್ತು ಹನ್ನೆರಡು ವರ್ಷದಿಂದ ಅಪ್ಪನ ಹಿಂದೆ ನಡೆದು, ಮದ್ದಿನ ಬುರುಡೆ ಹೊತ್ತು, ಕೋವಿ ತೊಳೆದು, ಬೈಸಿಕೊಂಡು, ಬಹುಕಾಲದ ಮೇಲೆ ಒಂದು ಈಡಿಗೆ ಅಪ್ಪಣೆ ಪಡೆಯುವುದು ಯಾವ ಕೋರ್ಸಿಗೂ ಕಡಿಮೆಯಲ್ಲ. ಜೆ.ಪಿ. ನಗರದ ಮೊಮ್ಮಗನಿಗೆ ಕೋವಿ ಬಂದಿದೆ, ಆ ಹತ್ತು ವರ್ಷ ಬಂದಿಲ್ಲ. ಮೇಲಾಗಿ ಹಿರಿಯರ ಕಾಲದ ಅವಘಡಗಳು ಯಾವ ಪಟ್ಟಿಯಲ್ಲೂ ಸೇರಲಿಲ್ಲ. ಬೆರಳಿಲ್ಲದ ಕೈ, ಒಂದು ಕಣ್ಣು ಹೋದ ಮುಖ ಮಲೆನಾಡಿನ ಹಳೆಯ ತಲೆಗಳಿಗೆ ಅಪರೂಪದ ನೋಟವಾಗಿರಲಿಲ್ಲ. ಇಂದಿಗೂ ಶಿಕಾರಿಗೆ ಹೋದವನಿಗೆ ಜೊತೆಗಾರನದೇ ಈಡು ತಗುಲಿದ, ನಾಡಕೋವಿ ಸಿಡಿದ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಕಾನೂನು ಈ ಕೋವಿಯನ್ನು ಹಗುರವಾಗಿ ನೋಡುತ್ತದೆ ಎಂಬ ನಂಬಿಕೆಗೆ ಒಂದು ಆಧಾರ ಉಂಟು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನು ಬೆಳೆ ರಕ್ಷಣೆಗೆ ಕೇಳುವವರಿಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನೇ ಮೊದಲ ಆಯ್ಕೆಯಾಗಿ ಇಟ್ಟಿದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿಯ ಮಾತು. ಮಲೆನಾಡಿನ ರೈತರು ಪರವಾನಗಿ ಪುಸ್ತಕ ತೋರಿಸಿ ಎಸ್‌ಬಿಎಂಎಲ್, ಡಿಬಿಬಿಎಲ್ ಎಂದು ಇಂಗ್ಲಿಷ್ ಅಕ್ಷರಗಳನ್ನು ಸಲೀಸಾಗಿ ಉದುರಿಸುವುದು ಇದರಿಂದಲೇ. ಒಂಟಿನಳಿಗೆಯೋ ಜೋಡೋ, ಬಾಯಿಂದ ತುಂಬುವುದೋ ಬುಡದಿಂದಲೋ ಎಂಬುದರ ಮೇಲೆ ಅವರ ಅರ್ಜಿಯ ಹಣೆಬರಹ ನಿಂತಿರುತ್ತದೆ. ಕಾನೂನಿನ ಈ ಒಲವಿಗೆ ಕಾರಣ, ಮದ್ದಿನ ಕೋವಿ ನಿಧಾನ. ನಿಮಿಷಕ್ಕೆ ಒಂದೆರಡು ಈಡು ಹೊಡೆಯುವುದೇ ಹೆಚ್ಚು, ಅದರಿಂದ ದೊಡ್ಡ ದುಷ್ಕೃತ್ಯ ಕಷ್ಟ. ಅಂದರೆ ಕಾನೂನು ಅಳೆದದ್ದು ಸಮಾಜಕ್ಕಿರುವ ಅಪಾಯವನ್ನು. ಹಿಡಿದವನಿಗಿರುವ ಅಪಾಯವನ್ನು ಅದು ಅವನ ಪಾಲಿಗೇ ಬಿಟ್ಟಿದೆ. ಪರವಾನಗಿ ಬೇಡ ಎಂದಂತೂ ಅದು ಎಲ್ಲಿಯೂ ಹೇಳಿಲ್ಲ. ‘ಇದು ಪುರಾತನ ವಸ್ತು, ಕಾಯ್ದೆ ಅನ್ವಯಿಸದು’ ಎನ್ನುವವರು 45ನೇ ಸೆಕ್ಷನ್ನನ್ನು ಅರ್ಧ ಓದಿದವರು. ಹಳೆಯ ಮಾದರಿಯದಾಗಿದ್ದರೂ, ಪುರಾತನ ಮೌಲ್ಯವಿದ್ದರೂ, ರಿಪೇರಿ ಮಾಡಿಯೂ ಹಾರಿಸಲಾಗದಷ್ಟು ಕೆಟ್ಟಿರಬೇಕು ಎಂಬುದು ಅದರ ಉಳಿದರ್ಧ. ಹೊಸ ಕೇಪು ಕೂರಿಸಿದರೆ ಹಾರುವ ಅಜ್ಜನ ಕೋವಿ ಆ ಬಾಗಿಲಿನಲ್ಲಿ ದಾಟುವುದಿಲ್ಲ. ಪರವಾನಗಿಯಿಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸೆರೆವಾಸ. ಮದ್ದನ್ನು ಮನೆಯಲ್ಲೇ ಅರೆದುಕೊಳ್ಳುತ್ತೇನೆ ಎಂಬ ಉತ್ಸಾಹಿಗಳಿಗೆ 1884ರ ಸ್ಫೋಟಕ ಕಾಯ್ದೆ ಕಾದಿರುತ್ತದೆ. ಟಿಪ್ಪುವಿನವರು ಮದ್ದಿಡಲು ಶ್ರೀರಂಗಪಟ್ಟಣದಲ್ಲಿ ಅರ್ಧ ನೆಲದೊಳಗೆ ಹುಗಿದ ದಪ್ಪ ಗೋಡೆಯ ಮನೆಗಳನ್ನೇ ಕಟ್ಟಿದರು. ಅಂಥದ್ದೊಂದನ್ನು 2017ರಲ್ಲಿ ಜೋಡಿ ರೈಲು ಮಾರ್ಗಕ್ಕಾಗಿ ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಿದಾಗ ಅದರ ಗಟ್ಟಿತನ ಜಗತ್ತಿಗೇ ಕಂಡಿತು. ಯುದ್ಧವೇ ವೃತ್ತಿಯಾಗಿದ್ದವರು ಮದ್ದಿಗೆ ಅಷ್ಟು ಹೆದರಿದ್ದರು. ಅಪಾರ್ಟ್‌ಮೆಂಟಿನ ಅಡುಗೆಮನೆಯ ಪಕ್ಕದ ಯುಟಿಲಿಟಿಯಲ್ಲಿ ಅದಕ್ಕೆ ಜಾಗ ಹುಡುಕುವವರಿಗೆ ಹೇಳುವುದೇನು?

ಕೊಡಗಿನವರ ವಿಷಯ ಬೇರೆಯಲ್ಲವೇ ಎಂಬುದು ಎರಡನೇ ಆಕ್ಷೇಪ. ಬೇರೆಯೇ. 1857ರ ದಂಗೆಯ ನಂತರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟದ್ದು 1861ರಲ್ಲಿ, ತಾನು ಹುದ್ದೆ ಬಿಡುವ ಹೊತ್ತಿಗೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು. ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರಿನಲ್ಲಿ ಅದನ್ನು ಹತ್ತು ವರ್ಷಕ್ಕೆ, 2029ರ ಅಕ್ಟೋಬರ್ 31ರವರೆಗೆ, ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧ ಎಂದು ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಇದರಿಂದ ‘ಕೊಡಗಿನವರಿಗೆ ಯಾವ ಕಾಗದವೂ ಬೇಡ’ ಎಂಬ ತೀರ್ಮಾನಕ್ಕೆ ಬರುವುದು ಬೆಂಗಳೂರಿನ ಅಜ್ಞಾನ. ವಿನಾಯಿತಿಗೂ ಪತ್ರ ಇದೆ, ಜಿಲ್ಲೆಯ ಹೊರಗೆ ಒಯ್ಯುವಾಗ ಎಷ್ಟು ಎಂಬ ಮಿತಿಯೂ ಇದೆ. ಅಲ್ಲಿ ಕೋವಿ ಉಳಿದದ್ದು ಬರೀ ವಿನಾಯಿತಿಯಿಂದ ಅಲ್ಲ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನಂದು ಕೋವಿಗಳನ್ನು ತೊಳೆದು ಒರೆಸಿ ಸಾಲಾಗಿ ಇಟ್ಟು, ತೋಕ್ ಪೂ ಎಂಬ ಕೋವಿ ಹೂ ಮುಡಿಸಿ ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು. ಯಾವಾಗ ಹಾರಿಸಬೇಕು ಎಂಬುದಕ್ಕೆ ಲೆಕ್ಕವಿದ್ದ ಊರಿನಲ್ಲಿ ಯಾವಾಗ ಹಾರಿಸಬಾರದು ಎಂಬುದೂ ತಾನಾಗಿ ಗೊತ್ತಿರುತ್ತದೆ. ಆ ಲೆಕ್ಕವಿಲ್ಲದೆ ಮದುವೆ ಹಾಲಿನ ಮುಂದೆ ಖುಷಿಗೆ ಹಾರಿಸುವವರಿಗಾಗಿಯೇ 2019ರ ತಿದ್ದುಪಡಿ ಬೇರೆ ಶಿಕ್ಷೆ ಬರೆದಿದೆ: 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಾಗಾದರೆ ಈ ರಗಳೆಯೇ ಬೇಡ, ಠಾಣೆಗೆ ಒಪ್ಪಿಸಿ ಕೈತೊಳೆದುಕೊಳ್ಳುವುದೇ ಮೇಲಲ್ಲವೇ? ಅನೇಕರಿಗೆ ಅದೇ ಸರಿ. ಆಸಕ್ತಿ ಇಲ್ಲದ ಮನೆಯಲ್ಲಿ ಕೋವಿ ಇರಬಾರದು. ಆಸಕ್ತಿ ಇರುವವರಿಗೂ ಅದೇ ಉತ್ತರ ಎನ್ನಲಾರೆ. ವಿದೇಶಗಳಲ್ಲಿ ಮದ್ದಿನ ಕೋವಿಯ ಕ್ರೀಡೆಗೆ 1971ರಿಂದ ಅಂತರರಾಷ್ಟ್ರೀಯ ಸಮಿತಿಯೇ ಇದೆ. ಅದರ ವಿಶ್ವ ಸ್ಪರ್ಧೆಯಲ್ಲಿ ಚಕಮಕಿ ಕೋವಿಗೆ ‘ಮ್ಯಾಂಟನ್’, ಕೇಪಿನ ಕೋವಿಗೆ ‘ಲೊರೆಂಝೋನಿ’ ಎಂಬ ಹೆಸರಿನಲ್ಲಿ ಹಾರುವ ಬಿಲ್ಲೆ ಒಡೆಯುವ ಪಂದ್ಯಗಳಿವೆ. ನಿಧಾನವನ್ನೇ ಆಟವಾಗಿಸಿದ ಹವ್ಯಾಸ ಅದು. ನಮ್ಮಲ್ಲಿ ಟ್ರ್ಯಾಪ್, ಸ್ಕೀಟ್ ಎಲ್ಲ ತೋಟಾ ಕೋವಿಯವು. ಆದ್ದರಿಂದ ಬೆಂಗಳೂರು ದಕ್ಷಿಣದ ಆಸಕ್ತರು ಅಜ್ಜನ ಕೋವಿಯಿಂದ ಶುರು ಮಾಡದೆ ಹಿಂದುಮುಂದಾಗಿ ಹೋಗುವುದು ಒಳ್ಳೆಯದು: ಮೊದಲು ರೈಫಲ್ ಕ್ಲಬ್ಬೊಂದರಲ್ಲಿ ಏರ್ ರೈಫಲ್ ಹಿಡಿದು ನಳಿಗೆ ಎತ್ತ ಇರಬೇಕೆಂಬ ಶಿಸ್ತು ಕಲಿಯುವುದು, ಆಮೇಲೆ ತೋಟಾ ಕೋವಿ, ಮದ್ದಿನ ಕೋವಿ ಕಟ್ಟಕಡೆಗೆ. ಶಸ್ತ್ರಾಸ್ತ್ರ ನಿಯಮಗಳು 2016 ಸುರಕ್ಷತಾ ತರಬೇತಿಯ ಬಗ್ಗೆ ಹೇಳುವುದನ್ನು ಮೊಹರಿನ ಕಾಟವೆಂದು ತಿಳಿಯಬೇಕಿಲ್ಲ, ಅಪ್ಪನ ಹಿಂದೆ ನಡೆಯದೆ ಹೋದ ವರ್ಷಗಳಿಗೆ ಅದೊಂದೇ ಬದಲಿ. ಶಿಕಾರಿಯ ಆಸೆ ಇದ್ದರೆ ಅದನ್ನು ಈಗಲೇ ಬಿಟ್ಟುಬಿಡಿ. 1972ರ ವನ್ಯಜೀವಿ ಕಾಯ್ದೆಯ ಮುಂದೆ ಬನ್ನೇರುಘಟ್ಟದ ಕಾಡಾಗಲಿ ಊರಿನ ತೋಟದಂಚಾಗಲಿ ಒಂದೇ.

ಪಾಲಿನಲ್ಲಿ ಬಂದ ಕೋವಿಗೆ ದಾರಿ ಇದೆ, ಜನರಿಗೆ ಗೊತ್ತಿಲ್ಲ ಅಷ್ಟೇ. ಪರವಾನಗಿದಾರರು ತೀರಿಕೊಂಡರೆ ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ಪರವಾನಗಿ ಇರುವ ಆಯುಧ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು; ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. ಸಾಯುವ ತನಕ ಕಾಯಬೇಕೆಂದೂ ಇಲ್ಲ. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಅವರ ಬಳಿ 25 ವರ್ಷದಿಂದ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರೊಬ್ಬರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಜಿಲ್ಲೆಯಲ್ಲಾದರೆ ಜಿಲ್ಲಾಧಿಕಾರಿ, ಬೆಂಗಳೂರಿನ ವಿಳಾಸದವರಿಗೆ ಪೊಲೀಸ್ ಆಯುಕ್ತರು. ಅಪ್ಪ, ಅಜ್ಜ ಇನ್ನೂ ಇದ್ದರೆ ಈ ಸಲ ಊರಿಗೆ ಹೋದಾಗ ಕೋವಿಯನ್ನು ಅಟ್ಟದಿಂದ ಇಳಿಸುವ ಮೊದಲು ಎರಡು ಕೆಲಸ ಮಾಡಿ: ಪರವಾನಗಿ ಪುಸ್ತಕ ಹುಡುಕಿ ನವೀಕರಣದ ಕೊನೆಯ ದಿನಾಂಕ ಓದಿ, ಆಮೇಲೆ, ಕಡೆಯ ಸಲ ಹಾರಿಸಿದಾಗ ಎರಡೂ ನಳಿಗೆ ಖಾಲಿ ಆಗಿದ್ದವೇ ಎಂದು ಅವರನ್ನೇ ಕೇಳಿ.